ಟೆಕ್ಸಾಸಲ್ಲಿ ಕಾಡುಹಂದಿ ಹೊಡೆದ್ಮೇಲೆ ಮಾಂಸ ಮಾಡ್ಕೊಳ್ಳೋದು ಹೇಗೆ

ಮೊದ್ಲೇ ಹೇಳ್ಬಿಡ್ತೀನಿ, ಇದು ಟೆಕ್ಸಾಸ್ ವಿಷ್ಯ, ನಮ್ಮೂರಲ್ಲಿ ಪರ್ಮಿಷನ್ ಇಲ್ದೆ ಕಾಡುಹಂದಿ ಹೊಡೆಯೋದು ಅಪರಾಧ. ಟೆಕ್ಸಾಸಲ್ಲಿ 2019ರಿಂದ ಖಾಸಗಿ ಜಮೀನಲ್ಲಿ ಓನರ್ ಒಪ್ಪಿದ್ರೆ ಬೇಟೆ ಲೈಸೆನ್ಸ್ ಕೂಡ ಬೇಡ.

ಕೈಗೆ ಗ್ಲೌಸ್ ಹಾಕ್ದೆ ಹಂದಿ ಮುಟ್ಲೇಬೇಡಿ. ಬ್ರುಸೆಲೋಸಿಸ್ ಅಂತ ಕಾಯಿಲೆ ಇದೆ, ರಕ್ತ ಗಾಯಕ್ಕೋ ಕಣ್ಣಿಗೋ ತಾಗಿದ್ರೆ ಮನುಷ್ಯರಿಗೂ ಬರುತ್ತೆ.

ಹಂದಿನ ಅಂಗಾತ ಮಲಗಿಸಿ ಎದೆ ಮೂಳೆ ಕೆಳಗಿಂದ ಹೊಟ್ಟೆ ಸೀಳ್ಕೊಂಡು ಹೋಗಿ, ಆದ್ರೆ ಚಾಕು ಬಾಯಿ ಮೇಲ್ಮುಖ ಇರ್ಲಿ, ಎರಡು ಬೆರಳಿಂದ ಚರ್ಮ ಎತ್ತಿ ಹಿಡ್ಕೊಳ್ಳಿ, ಯಾಕಂದ್ರೆ ಕರುಳೋ ಉಚ್ಚೆ ಚೀಲನೋ ತೂತಾದ್ರೆ ಮಾಂಸ ಕೆಡುತ್ತೆ. ಗುದದ ಸುತ್ತ ಬಿಡಿಸಿ ದಾರದಲ್ಲಿ ಬಿಗಿಯಾಗಿ ಕಟ್ಟಿ, ವಪೆ (ಎದೆಗೂ ಹೊಟ್ಟೆಗೂ ಮಧ್ಯ ಇರೋ ಪರದೆ) ಕೊಯ್ದು ಗಂಟಲ ಕೊಳವೆ ಕತ್ತರಿಸಿದ್ರೆ ಎಲ್ಲಾ ಒಟ್ಟಿಗೆ ಈಚೆ ಬರುತ್ತೆ. ಲಿವರ್ ಮೇಲೆ ಬಿಳಿ ಚುಕ್ಕೆ, ಗಂಟು ಇದ್ರೆ ಬಿಸಾಕಿ.

ಆಮೇಲೆ ನೇತುಹಾಕಿ ಚರ್ಮ ಸುಲೀರಿ. ಮುಂಗಾಲಿಗೆ ಮೂಳೆ ಕೀಲೇ ಇಲ್ಲ, ಪಕ್ಕೆಗೂ ಹೆಗಲಿಗೂ ಮಧ್ಯ ಚಾಕು ಆಡಿಸಿದ್ರೆ ಬಂದ್ಬಿಡುತ್ತೆ. ಬೆನ್ನುಮೂಳೆ ಎರಡೂ ಪಕ್ಕದ ಉದ್ದ ಮಾಂಸ ಅತಿ ಮೃದು, ಅದನ್ನ ಹುಷಾರಾಗಿ ಬಿಡಿಸಿ. ತೊಡೆ ಕೀಲಲ್ಲಿ ಮುರೀರಿ.

ಬಿಸಿಲಲ್ಲಿ ತಡ ಮಾಡ್ಬೇಡಿ, ಐಸ್ ಬಾಕ್ಸಿಗೆ ಹಾಕಿ, ನೀರು ಹೋಗೋ ತೂತು ತೆಗೆದಿಡಿ, ಮಾಂಸ 4 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಬರ್ಬೇಕು. ಬೇಯಿಸುವಾಗ ಒಳಗೆ 71 ಡಿಗ್ರಿ ಮುಟ್ಲೇಬೇಕು, ಫ್ರೀಜ್ ಮಾಡಿದ್ರೆ ಹುಳ ಸಾಯುತ್ತೆ ಅಂತ ನಂಬ್ಕೋಬೇಡಿ. ಊರಿಂದ ತಂದ ಕಾಚಂಪುಳಿ (ಕೊಡಗಿನ ಕಪ್ಪು ಹುಳಿ ರಸ) ಇದ್ರೆ ಹೆಗಲ ಮಾಂಸನ ಪಂದಿ ಕರಿಗೇ, ಅಂದ್ರೆ ಕೊಡಗಿನ ಹಂದಿ ಸಾರಿಗೇ, ಇಟ್ಕೊಳ್ಳಿ.