ಪ್ರೋಗ್ರಾಂ ಓಡಬೇಕು, ನಕಲು ಆಗಬಾರದು

ಶಿವಮೊಗ್ಗದ ಅಡಿಕೆ ಮಂಡಿಯೊಂದನ್ನು ಊಹಿಸಿಕೊಳ್ಳಿ. ಐದಾರು ಕಂಪ್ಯೂಟರ್, ಒಂದು ಸರ್ವರ್. ರಾಶಿ, ಬೆಟ್ಟೆ, ಸರಕು, ಗೊರಬಲು ಎಂಬ ಅಡಿಕೆ ಬಗೆಗಳ ತೂಕ, ದರ, ಬೆಳೆಗಾರರಿಗೆ ಕೊಟ್ಟ ಮುಂಗಡದ ಲೆಕ್ಕ ಇಡಲು ದುಡ್ಡು ಕೊಟ್ಟು ಬರೆಸಿದ ಪ್ರೋಗ್ರಾಂ ಸರ್ವರ್‌ನ ಶೇರ್ ಫೋಲ್ಡರ್‌ನಲ್ಲಿ, ಅಂದರೆ ಎಲ್ಲ ಕಂಪ್ಯೂಟರ್‌ಗಳಿಂದಲೂ ತೆರೆಯಬಹುದಾದ ಫೋಲ್ಡರ್‌ನಲ್ಲಿದೆ. ಗುಮಾಸ್ತರು ಅದನ್ನು ಬಳಸಬೇಕು. ಅದು ಪೆನ್‌ಡ್ರೈವ್ ಹತ್ತಿ ಪಕ್ಕದ ಮಂಡಿಗೆ ಹೋಗಬಾರದು.

ತೊಡಕು ಇಲ್ಲಿದೆ. ಶೇರ್ ಫೋಲ್ಡರ್‌ನ ಪ್ರೋಗ್ರಾಂ ಓಡುವುದು ಸರ್ವರ್‌ನಲ್ಲಲ್ಲ, ಗುಮಾಸ್ತರ ಕಂಪ್ಯೂಟರ್‌ನಲ್ಲಿ. ಅದಕ್ಕಾಗಿ ವಿಂಡೋಸ್‌ನಲ್ಲಿ ಸಾಮಾನ್ಯವಾಗಿ ಕೊಡುವ ‘ರೀಡ್ ಅಂಡ್ ಎಕ್ಸಿಕ್ಯೂಟ್’ ಅನುಮತಿಯಲ್ಲಿ ಓದುವ ಹಕ್ಕೂ ಸೇರಿದೆ. ಓದಲು ಬಂದ ಫೈಲನ್ನು ನಕಲಿಸಲೂ ಬರುತ್ತದೆ. ಶೇರ್ ಹೆಸರಿನ ಕೊನೆಗೆ ಡಾಲರ್ ಚಿಹ್ನೆ ಹಾಕಿದರೆ ಅದು ಪಟ್ಟಿಯಿಂದ ಮರೆಯಾಗುತ್ತದೆ, ಅಷ್ಟೇ. ಹೆಸರು ಗೊತ್ತಿದ್ದವರನ್ನು ತಡೆಯುವುದಿಲ್ಲ.

ಮೊದಲು ಪ್ರತಿಯೊಬ್ಬರಿಗೂ ಬೇರೆ ಬೇರೆ ಲಾಗಿನ್ ಮಾಡಿ. ಯಾರಿಗೂ ಅಡ್ಮಿನ್ ಅಧಿಕಾರ ಬೇಡ. ಪ್ರೋಗ್ರಾಂ ಫೋಲ್ಡರ್‌ಗೆ ಬರೆಯುವ ಅನುಮತಿ ಕೊಡಬೇಡಿ. ಶೇರ್ ಅನುಮತಿ, ಫೋಲ್ಡರ್ ಪ್ರಾಪರ್ಟೀಸ್‌ನ ಸೆಕ್ಯುರಿಟಿ ಟ್ಯಾಬ್‌ನ ಅನುಮತಿ ಎರಡರಲ್ಲಿ ಬಿಗಿಯಾದದ್ದೇ ನಡೆಯುತ್ತದೆ, ಹಾಗಾಗಿ ಎರಡನ್ನೂ ನೋಡಿ. ಇದರಿಂದ ಫೈಲ್ ಅಳಿಸುವುದು, ತಿದ್ದುವುದು ನಿಲ್ಲುತ್ತದೆ, ನಕಲು ನಿಲ್ಲುವುದಿಲ್ಲ.

ಮುಂದಿನದು ಲೆಕ್ಕದ ಮಾಹಿತಿ. ನನ್ನ ಪ್ರಕಾರ ಪ್ರೋಗ್ರಾಂಗಿಂತ ಮುಂಗಡದ ಪಟ್ಟಿಯೇ ಬೆಲೆಬಾಳುವ ಸರಕು. ಅದು ಶೇರ್ ಫೋಲ್ಡರ್‌ನಲ್ಲಿ ಒಂದೇ ಫೈಲ್ ಆಗಿ ಕುಳಿತಿದ್ದರೆ ಇಡಿಯಾಗಿ ಹೊತ್ತೊಯ್ಯಬಹುದು. ಮೈಎಸ್‌ಕ್ಯುಎಲ್‌ನಂಥ ಡೇಟಾಬೇಸ್ ಸರ್ವರ್‌ಗೆ ಹಾಕಿಸಿ, ಪ್ರತಿ ಲಾಗಿನ್‌ಗೂ ಬೇಕಾದಷ್ಟನ್ನೇ ತೋರಿಸುವಂತೆ ಹೇಳಿ. ಪ್ರೋಗ್ರಾಂ ಬರೆದವರು ಗೊಣಗಬಹುದು, ಗೊಣಗಲಿ.

ಗಟ್ಟಿಯಾದ ದಾರಿ ಬೇಕೆಂದರೆ ಫೈಲ್ ಕೊಡಬೇಡಿ, ಪರದೆಯನ್ನಷ್ಟೇ ಕೊಡಿ. ವಿಂಡೋಸ್ ಸರ್ವರ್‌ನ ರಿಮೋಟ್‌ಆ್ಯಪ್‌ನಲ್ಲಿ ಪ್ರೋಗ್ರಾಂ ಸರ್ವರ್‌ನಲ್ಲೇ ಓಡುತ್ತದೆ, ಗುಮಾಸ್ತರಿಗೆ ಅದರ ಚಿತ್ರ ಮಾತ್ರ ಬರುತ್ತದೆ. ಗುಮಾಸ್ತರ ಕಂಪ್ಯೂಟರ್ ಜೊತೆಗಿನ ಡ್ರೈವ್ ಮತ್ತು ಕ್ಲಿಪ್‌ಬೋರ್ಡ್ (ಕಾಪಿ-ಪೇಸ್ಟ್) ಹಂಚಿಕೆಯನ್ನು ಮುಚ್ಚಲು ಮರೆಯಬೇಡಿ. ಅವು ತೆರೆದಿದ್ದರೆ ಇಷ್ಟೆಲ್ಲ ಮಾಡಿಯೂ ಹಿಂಬಾಗಿಲು ಹಾಗೇ ಉಳಿಯುತ್ತದೆ. ಸರ್ವರ್ ಜೊತೆಗೆ ಬರುವ ಎರಡು ರಿಮೋಟ್ ಸಂಪರ್ಕಗಳು ನಿರ್ವಹಣೆಗೆ ಮಾತ್ರ, ಗುಮಾಸ್ತರಿಗೆ ಬೇರೆ ಪರವಾನಗಿ ಕೊಳ್ಳಬೇಕು.

ಅಷ್ಟು ಖರ್ಚು ಬೇಡವೆಂದರೆ ಕಂಪ್ಯೂಟರ್ ಬಳಕೆಗೆ ನಿಯಮ ಹಾಕುವ ವಿಂಡೋಸ್‌ನ ಗ್ರೂಪ್ ಪಾಲಿಸಿ ಎಡಿಟರ್‌ನಲ್ಲಿ ಪೆನ್‌ಡ್ರೈವ್ ಬಳಕೆ ನಿಲ್ಲಿಸಿ. ವಿಂಡೋಸ್ ಹೋಮ್‌ನಲ್ಲಿ ಆ ಎಡಿಟರ್ ಇಲ್ಲ, ಪ್ರೊ ಆವೃತ್ತಿ ಬೇಕು. ಇಮೇಲ್ ದಾರಿ ಆಗಲೂ ತೆರೆದೇ ಇರುತ್ತದೆ.

ಮಳೆಗಾಲದ ಮಲೆನಾಡಿಗೆ ರಿಮೋಟ್ ವಿಧಾನದಲ್ಲಿ ಇನ್ನೊಂದು ಅನುಕೂಲವಿದೆ. ಗುಮಾಸ್ತರ ಕಂಪ್ಯೂಟರ್‌ಗೆ ಕರೆಂಟ್ ಹೋದರೂ, ಕಡಿದುಹೋದ ಸಂಪರ್ಕಕ್ಕೆ ಕಾಲಮಿತಿ ಹಾಕಿರದಿದ್ದರೆ, ಅರ್ಧ ಬರೆದ ಬಿಲ್ ಸರ್ವರ್‌ನಲ್ಲಿ ಹಾಗೇ ಕಾದಿರುತ್ತದೆ. ಸರ್ವರ್‌ಗೂ ನೆಟ್‌ವರ್ಕ್ ಸ್ವಿಚ್‌ಗೂ ಯುಪಿಎಸ್ ಹಾಕಿಸಿ.