ಉಬ್ಬಸ ಇರುವ ಮಗುವನ್ನು ಆಟಕ್ಕೆ ಬಿಡುವುದು ಹೇಗೆ?

ನಮ್ಮ ಚಿಕ್ಕಮಗಳೂರಿನ ಚಳಿ, ಮಂಜು ನೋಡಿದರೆ ಉಬ್ಬಸದ ಮಗುವನ್ನು ಒಳಗೇ ಕೂರಿಸೋಣ ಅನ್ನಿಸುವುದು ಸಹಜ. ಆದರೆ ಕಾಯಿಲೆ ಹತೋಟಿಯಲ್ಲಿದ್ದರೆ ಮಗು ಆಡಬಹುದು, ಆಡಲೇಬೇಕು. 5ರಿಂದ 17 ವರ್ಷದವರಿಗೆ ದಿನಕ್ಕೆ ಸರಾಸರಿ 60 ನಿಮಿಷ ಮೈ ಬೆವರುವಂಥ ಚಟುವಟಿಕೆ ಬೇಕು ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ.

ಹತೋಟಿ ಅಂದರೇನು? ವಾರದಲ್ಲಿ ಎರಡಕ್ಕಿಂತ ಜಾಸ್ತಿ ದಿನ ಕೆಮ್ಮು, ಸುಯ್ ಸುಯ್ ಸದ್ದು ಇದ್ದರೆ ಅಥವಾ ರಾತ್ರಿ ಕೆಮ್ಮಿ ಎದ್ದು ಕೂತರೆ ಹತೋಟಿಯಲ್ಲಿಲ್ಲ ಅಂತ ಅರ್ಥ. ಮೊದಲು ಡಾಕ್ಟರ್ ಹತ್ತಿರ ಹೋಗಿ. ದಿನಾ ತೆಗೆದುಕೊಳ್ಳಬೇಕಾದ ಇನ್‌ಹೇಲರ್ ಅನ್ನು "ಈಗ ಚೆನ್ನಾಗೇ ಇದ್ದಾನಲ್ಲ" ಅಂತ ನಾವೇ ನಿಲ್ಲಿಸಿಬಿಡುತ್ತೇವೆ, ತೊಂದರೆ ಶುರುವಾಗುವುದು ಎಷ್ಟೋ ಸಲ ಅಲ್ಲೇ.

ಓಡುವಾಗ ಮಕ್ಕಳು ಬಾಯಲ್ಲಿ ಉಸಿರಾಡುತ್ತಾರೆ, ಅಲ್ವಾ? ಮೂಗಿನಲ್ಲಿ ಬೆಚ್ಚಗಾಗಬೇಕಿದ್ದ ಗಾಳಿ ತಣ್ಣಗೆ, ಒಣಗಿಕೊಂಡೇ ಒಳಗೆ ನುಗ್ಗುತ್ತದೆ, ಶ್ವಾಸನಾಳ ಬಿಗಿಯುತ್ತದೆ. ಅದಕ್ಕೇ ಡಿಸೆಂಬರ್-ಜನವರಿಯಲ್ಲಿ ಬೆಳಿಗ್ಗೆ ಆರಕ್ಕೆ ಮೈದಾನಕ್ಕೆ ಎಳೆದುಕೊಂಡು ಹೋಗಬೇಡಿ. ಸಂಜೆ ನಾಲ್ಕರ ಬಿಸಿಲಿಗೆ ಆಡಲಿ. ತೋಟದ ಮನೆಯವರು ಇನ್ನೊಂದು ನೋಡಿಕೊಳ್ಳಿ: ಕಣದಲ್ಲಿ ಕಾಫಿ, ಮೆಣಸು ಒಣಗಿಸಿ ತುಂಬುವಾಗ ಏಳುವ ಧೂಳಿನ ಪಕ್ಕದಲ್ಲೇ ಕ್ರಿಕೆಟ್ ಬೇಡ.

ಡಾಕ್ಟರ್ ಹೇಳಿದ್ದರೆ ಆಟಕ್ಕೆ 10-15 ನಿಮಿಷ ಮುಂಚೆ ನೀಲಿ ಇನ್‌ಹೇಲರ್ (ಬಿಗಿದ ಶ್ವಾಸನಾಳವನ್ನು ಬೇಗ ಸಡಿಲಿಸುವುದು) ಕೊಡಿ. ಚೆನ್ನಾಗಿ ಅಲ್ಲಾಡಿಸಿ, ಸ್ಪೇಸರ್‌ಗೆ (ಇನ್‌ಹೇಲರ್ ಬಾಯಿಗೆ ಸಿಕ್ಕಿಸುವ ಕೊಳವೆಯಂಥ ಡಬ್ಬಿ) ಹಾಕಿ, ಒಂದು ಸಲಕ್ಕೆ ಒಂದೇ ಪಫ್. ಎರಡು ಪಫ್ ಒಟ್ಟಿಗೆ ಒತ್ತಿದರೆ ಔಷಧಿ ಸ್ಪೇಸರ್ ಗೋಡೆಗೆ ಅಂಟುತ್ತದೆ, ಎದೆಗೆ ಹೋಗುವುದು ಕಡಿಮೆ. ಆಮೇಲೆ ಹತ್ತು ನಿಮಿಷ ನಡಿಗೆ, ನಿಧಾನ ಓಟ, ನಡುನಡುವೆ ಚಿಕ್ಕ ಚಿಕ್ಕ ಜೋರು ಓಟ. ಶಟಲ್, ಕಬಡ್ಡಿ, ವಾಲಿಬಾಲ್‌ನಲ್ಲಿ ಉಸಿರು ಹಿಡಿಯಲು ಬಿಡುವು ಸಿಗುತ್ತದೆ. ಒಂದೇ ಸಮ ದೂರ ಓಡುವುದು ಕಷ್ಟ. ಈಜು ಒಳ್ಳೆಯದೇ, ಕ್ಲೋರಿನ್ ಘಾಟು ಮೂಗಿಗೆ ಹೊಡೆಯುವ ಕೊಳ ಬೇಡ ಅಷ್ಟೇ. ಆಟ ನಿಲ್ಲಿಸಿದ ಮೇಲೂ ಕಾಲು ಗಂಟೆ ಕಣ್ಣಿಡಿ, ಎಷ್ಟೋ ಸಲ ಕೆಮ್ಮು ಶುರುವಾಗುವುದೇ ಆಗ.

ಎದೆ ಬಿಗಿದರೆ ಮಲಗಿಸಬೇಡಿ. ನೆಟ್ಟಗೆ ಕೂರಿಸಿ, ಡಾಕ್ಟರ್ ಬರೆದಷ್ಟು ಪಫ್ ಕೊಡಿ. ಮಾತಾಡಲು ಆಗದಿದ್ದರೆ, ತುಟಿ ನೀಲಿಯಾದರೆ, ಪಫ್ ಕೊಟ್ಟರೂ ತಗ್ಗದಿದ್ದರೆ 108ಕ್ಕೆ ಫೋನ್ ಮಾಡಿ. ತೋಟದ ದಾರಿಯಲ್ಲಿ ಆಂಬುಲೆನ್ಸ್ ತಡವಾಗಬಹುದು. ಮನೆಯಲ್ಲಿ ಗಾಡಿ ಇದ್ದರೆ ಹೊರಟೇಬಿಡಿ.

ಟೈಪ್ 1 ಸಕ್ಕರೆ ಕಾಯಿಲೆ ಇರುವ ಮಕ್ಕಳಿಗೆ ಲೆಕ್ಕವೇ ಬೇರೆ. ಆಟಕ್ಕೆ ಮುಂಚೆ ರಕ್ತದ ಸಕ್ಕರೆ ನೋಡಿ. 90ಕ್ಕಿಂತ (mg/dL ಲೆಕ್ಕದಲ್ಲಿ) ಕಡಿಮೆ ಇದ್ದರೆ ಏನಾದರೂ ತಿಂದು ಹೋಗಲಿ. 250 ದಾಟಿ ಕೀಟೋನ್ (ಇನ್ಸುಲಿನ್ ಸಾಲದಾದಾಗ ಕೊಬ್ಬು ಕರಗಿ ಆಗುವ ಆಮ್ಲ) ಕೂಡ ಇದ್ದರೆ ಆವತ್ತು ಆಟ ಇಲ್ಲ. 70ರ ಕೆಳಗಿಳಿದರೆ ಬಿಸ್ಕೆಟ್ ಅಲ್ಲ, ಗ್ಲೂಕೋಸ್ ನೀರು; 15 ನಿಮಿಷಕ್ಕೆ ಮತ್ತೆ ನೋಡಿ. ಸಂಜೆ ಜೋರಾಗಿ ಆಡಿದ ದಿನ ಮಲಗುವ ಮುಂಚೆಯೂ ನೋಡಿ, ನಡುರಾತ್ರಿ ಇಳಿಯಬಹುದು. ಪಾಕಿಸ್ತಾನದ ವೇಗದ ಬೌಲರ್ ವಾಸಿಂ ಅಕ್ರಮ್‌ಗೆ 1997ರಲ್ಲಿ ಈ ಕಾಯಿಲೆ ಗೊತ್ತಾಯಿತು, 2003ರವರೆಗೂ ಬೌಲಿಂಗ್ ಮಾಡಿದರು, ಮಕ್ಕಳಿಗೆ ಹೇಳಿ.

ಕೊನೆಗೆ ಪಿ.ಟಿ. ಮೇಷ್ಟ್ರು. ಬಾಯಲ್ಲಿ ಹೇಳಿದರೆ ಸಾಲದು. ಯಾವ ಔಷಧಿ, ಎಷ್ಟು, ಬ್ಯಾಗಿನ ಯಾವ ಜೇಬಲ್ಲಿದೆ, ಯಾರಿಗೆ ಫೋನ್ ಮಾಡಬೇಕು, ಎಲ್ಲ ಒಂದು ಹಾಳೆಯಲ್ಲಿ ಕನ್ನಡದಲ್ಲಿ ಬರೆದು ಕೊಡಿ. ಇನ್ನೊಂದು ಪ್ರತಿ ಬ್ಯಾಗಿನಲ್ಲೇ ಇರಲಿ.