ದೊಡ್ಡ ಎಬಿಸಿಡಿಗೆ ಚಿಕ್ಕ ಎಬಿಸಿಡಿ ಜೋಡಿ ಮಾಡಿಸೋದು

ಎಲ್‌ಕೆಜಿಗೆ ಹೋಗೋ ಮಗು ದೊಡ್ಡ ಎಬಿಸಿಡಿಯನ್ನು ಬೇಗ ಗುರುತು ಹಿಡಿಯುತ್ತೆ. ಆಮೇಲೆ ಶಾಲೆಯಿಂದ ಒಂದು ಹಾಳೆ ಬರುತ್ತೆ ನೋಡಿ: ಎಡಗಡೆ ದೊಡ್ಡಕ್ಷರ, ಬಲಗಡೆ ಅದಲುಬದಲು ಮಾಡಿದ ಚಿಕ್ಕಕ್ಷರ, ನಡುವೆ ಗೆರೆ ಎಳೆದು ಹೊಂದಿಸಿ ಅಂತ. ಅಲ್ಲಿಂದ ಅಳು, ಗದರಿಕೆ, ಕೊನೆಗೆ ಅಮ್ಮನೇ ಮಗುವಿನ ಕೈ ಹಿಡಿದು ಗೆರೆ ಎಳೆದು ಮುಗಿಸೋದು. ಮಗುವಿನ ಕಡೆಯಿಂದ ಸ್ವಲ್ಪ ಯೋಚಿಸಿ. 26 ಆಕಾರ ಕಲಿತು ಇನ್ನೂ ಉಸಿರು ಬಿಟ್ಟಿಲ್ಲ, ಅಷ್ಟರಲ್ಲಿ ಮತ್ತೆ 26 ತಂದಿಟ್ಟು ‘ಇವೂ ಅವೇ ಕಣೋ’ ಅಂದರೆ ಅದು ನಂಬೋದಾದರೂ ಹೇಗೆ?

ನಮ್ಮ ಕನ್ನಡದಲ್ಲಿ ದೊಡ್ಡದು ಚಿಕ್ಕದು ಅನ್ನೋ ತಾಪತ್ರಯ ಇಲ್ಲ ನಿಜ. ಆದರೆ ಒತ್ತಕ್ಷರ ನೆನಪು ಮಾಡಿಕೊಳ್ಳಿ. ‘ಅಜ್ಜ’ ಅಂತ ಬರೆದಾಗ ಕೆಳಗಿನ ಒತ್ತು ಜಕಾರದ ಹಾಗೇ ಇರುತ್ತೆ, ಗಾತ್ರ ಮಾತ್ರ ಚಿಕ್ಕದು. ‘ಅಮ್ಮ’ ಅಂತಲೋ ‘ಅತ್ತೆ’ ಅಂತಲೋ ಬರೆದರೆ ಒತ್ತಿಗೂ ಮೂಲ ಅಕ್ಷರಕ್ಕೂ ಸಂಬಂಧವೇ ಕಾಣೋದಿಲ್ಲ. ಇಂಗ್ಲಿಷಿನ ಚಿಕ್ಕಕ್ಷರದ ಕಥೆಯೂ ಇದೇ. ಕೆಲವು ನೋಡಿದ ಕೂಡಲೇ ಗೊತ್ತಾಗುತ್ತವೆ, ಕೆಲವು ಎಷ್ಟು ನೋಡಿದರೂ ಗೊತ್ತಾಗೋದಿಲ್ಲ. ಹಾಗಿರುವಾಗ ಎ ಇಂದ ಜಡ್‌ವರೆಗೆ ಸಾಲಾಗಿ ಯಾಕೆ ಕಲಿಸಬೇಕು? ಸಾಲಿನ ಮೊದಲನೆಯದಾದ ಎ ಜೋಡಿಯೇ ಕಷ್ಟದ್ದು. ಶುರುವಿನಲ್ಲೇ ಮುಗ್ಗರಿಸಿದ ಮಗು ಮುಂದಕ್ಕೆ ಕೈ ಹಾಕೋದಿಲ್ಲ.

ಅದಕ್ಕೇ ನಾನು 26 ಅಕ್ಷರವನ್ನು ಮೂರು ಗುಡ್ಡೆ ಮಾಡಿಕೊಳ್ಳಿ ಅನ್ನೋದು. ಮೊದಲನೆಯದು ಏಳೇ ಅಕ್ಷರ: ಸಿ, ಓ, ಎಸ್, ವಿ, ಡಬ್ಲ್ಯೂ, ಎಕ್ಸ್, ಜಡ್. ಇವುಗಳಲ್ಲಿ ದೊಡ್ಡದಕ್ಕೂ ಚಿಕ್ಕದಕ್ಕೂ ಗಾತ್ರ ಬಿಟ್ಟರೆ ವ್ಯತ್ಯಾಸವಿಲ್ಲ. ಎರಡನೆಯದರಲ್ಲಿ ಹದಿಮೂರು: ಬಿ, ಎಫ್, ಎಚ್, ಐ, ಜೆ, ಕೆ, ಎಲ್, ಎಂ, ಎನ್, ಪಿ, ಟಿ, ಯು, ವೈ. ಇಲ್ಲಿ ದೊಡ್ಡಕ್ಷರದಿಂದ ಏನೋ ಒಂದು ತೆಗೆದಿರುತ್ತಾರೆ ಅಥವಾ ಸೇರಿಸಿರುತ್ತಾರೆ. ಬಿಯ ಮೇಲಿನ ಹೊಟ್ಟೆ ಹೋಗಿದೆ, ಎಲ್‌ನ ಪಾದ ಹೋಗಿದೆ, ಎಚ್‌ಗೆ ಬಲಗಡೆಯ ಮೇಲಿನ ತುಂಡಿಲ್ಲ, ಐಗೂ ಜೆಗೂ ತಲೆಮೇಲೆ ಚುಕ್ಕೆ ಬಂದಿದೆ, ಪಿ ಗೆರೆಯಿಂದ ಕೆಳಕ್ಕೆ ಜಾರಿದೆ. ‘ಏನು ಹೋಯ್ತು ಹೇಳು’ ಅಂತ ಕೇಳಿದರೆ ಮಕ್ಕಳು ತಾವೇ ಹುಡುಕುತ್ತವೆ, ಪತ್ತೇದಾರಿಕೆ ಅಂದರೆ ಅವಕ್ಕೆ ಇಷ್ಟ. ಉಳಿದ ಆರು ನಿಜವಾದ ತಲೆನೋವು: ಎ, ಡಿ, ಇ, ಜಿ, ಕ್ಯೂ, ಆರ್. ಇವಕ್ಕೆ ಬೇರೆಯದೇ ಉಪಾಯ ಬೇಕು, ಆಮೇಲೆ ಹೇಳ್ತೀನಿ.

ಮೊದಲ ಏಳಕ್ಕೆ ಅಟ್ಟದ ಮೇಲಿರುವ ಅಳಗುಳಿ ಮಣೆ ಇಳಿಸಿ. ತುಳುನಾಡಿನ ಕಡೆಯವರಾದರೆ ಚೆನ್ನೆಮಣೆ. ಏಳೇಳು ಗುಳಿಯ ಎರಡು ಸಾಲು, ನಮ್ಮ ಲೆಕ್ಕಕ್ಕೆ ಹೇಳಿ ಮಾಡಿಸಿದ ಹಾಗಿದೆ. ಮೇಲಿನ ಸಾಲಿನಲ್ಲಿ ದೊಡ್ಡಕ್ಷರದ ಬಿಲ್ಲೆಗಳನ್ನು ನೀವು ಇಡಿ, ಕೆಳಗಿನ ಸಾಲನ್ನು ಮಗು ತುಂಬಲಿ. ಹಳೆಯ ಮದುವೆ ಆಮಂತ್ರಣದ ದಪ್ಪ ಕಾಗದದ ಹಿಂಬದಿ ಕತ್ತರಿಸಿದರೆ ಒಳ್ಳೆ ಬಿಲ್ಲೆಗಳಾಗುತ್ತವೆ, ಒದ್ದೆ ಕೈ ತಾಗಿದರೂ ಬೇಗ ಹಾಳಾಗೋದಿಲ್ಲ. ಮನೆಯಲ್ಲಿ ಇನ್ನೂ ಪುಟ್ಟ ಮಗುವಿದ್ದರೆ ಹುಣಸೆಬೀಜ ಗಿಣಸೆಬೀಜ ಸುತ್ತಮುತ್ತ ಬಿಡಬೇಡಿ, ಬಾಯಿಗೋ ಮೂಗಿಗೋ ಹಾಕಿಕೊಂಡರೆ ಆಸ್ಪತ್ರೆಗೆ ಓಡಬೇಕಾಗುತ್ತೆ.

ಬಿಲ್ಲೆ ಮಾಡುವಾಗ ಒಂದು ಸಣ್ಣ ವಿಷಯ ತಪ್ಪಿಸಬೇಡಿ: ಪ್ರತಿಯೊಂದರ ಮೇಲೂ ಅಕ್ಷರದ ಬುಡಕ್ಕೆ ಒಂದು ಗೆರೆ, ಮೇಲೆ ಒಂದು ಗೆರೆ ಎಳೆಯಿರಿ. ಇಲ್ಲದಿದ್ದರೆ ಒಂಟಿಯಾಗಿ ಕೈಗೆ ಬಂದ ಓ ದೊಡ್ಡದೋ ಚಿಕ್ಕದೋ ನಿಮಗೇ ಗೊತ್ತಾಗೋದಿಲ್ಲ, ಮಗುವಿಗೆಲ್ಲಿ? ದೊಡ್ಡಕ್ಷರ ಮೇಲಿನ ಗೆರೆ ಮುಟ್ಟುತ್ತೆ, ಚಿಕ್ಕ ಓ ಅರ್ಧಕ್ಕೇ ನಿಲ್ಲುತ್ತೆ. ಮುಂದೆ ನಾಲ್ಕು ಗೆರೆ ಕಾಪಿ ಪುಸ್ತಕ ಬಂದಾಗ ಇದೇ ಲೆಕ್ಕ ಕೈಹಿಡಿಯುತ್ತೆ. ದೊಡ್ಡಕ್ಷರಗಳೆಲ್ಲ ಮೊದಲ ಗೆರೆಯಿಂದ ಮೂರನೆಯದರವರೆಗೆ. ಚಿಕ್ಕಕ್ಷರಗಳಲ್ಲಿ ಬಿ, ಡಿ, ಎಫ್, ಎಚ್, ಕೆ, ಎಲ್, ಟಿ ಮೇಲಕ್ಕೆ ಚಾಚುತ್ತವೆ. ಜಿ, ಜೆ, ಪಿ, ಕ್ಯೂ, ವೈ ನಾಲ್ಕನೇ ಗೆರೆಗೆ ಇಳಿಯುತ್ತವೆ. ಮಿಕ್ಕವು ನಡುವಿನ ಜಾಗದಲ್ಲೇ ಇರುತ್ತವೆ.

ಈಗ ಆ ಕಷ್ಟದ ಆರಕ್ಕೆ ಬರೋಣ. ಇವನ್ನು ಕಲಿಸಲು ಆ್ಯಪಲ್ಲೂ ಬೇಡ, ಎಲಿಫೆಂಟೂ ಬೇಡ. ಮನೆಮಂದಿಯನ್ನು ಸಾಲಾಗಿ ನಿಲ್ಲಿಸಿ. ಅಮ್ಮ, ಅಪ್ಪ, ಅಜ್ಜ, ಅಕ್ಕ, ಅಣ್ಣ ಅಂತ ಒಂದೊಂದನ್ನೂ ಇಂಗ್ಲಿಷ್ ಅಕ್ಷರದಲ್ಲಿ ಬರೆದು ನೋಡಿ. ಎಲ್ಲದರ ಮೊದಲಿಗೂ ದೊಡ್ಡ ಎ, ಕೊನೆಗೆ ಚಿಕ್ಕ ಎ! ಇಡೀ ಪಟ್ಟಿಯಲ್ಲಿ ಅತಿ ಕಷ್ಟದ ಜೋಡಿ ನಮ್ಮ ಕನ್ನಡದ ಮನೆಯಲ್ಲಿ ಪುಕ್ಕಟೆಯಾಗಿ ಬಿದ್ದಿದೆ. ದೊಡ್ಡಪ್ಪ ಅಂತ ಬರೆದರೆ ಮುಂದೆ ದೊಡ್ಡ ಡಿ, ಅದರ ಹಿಂದೆ ಓ ಆದಮೇಲೆ ಎರಡು ಚಿಕ್ಕ ಡಿ ಒಟ್ಟಿಗೆ ಸಿಗುತ್ತವೆ. ಎಮ್ಮೆ ಅಂತ ಬರೆದರೆ ಆ ತುದಿಗೆ ದೊಡ್ಡ ಇ, ಈ ತುದಿಗೆ ಚಿಕ್ಕ ಇ. ಗಗನ್ ಅನ್ನೋ ಹುಡುಗ ಪಕ್ಕದ ಮನೆಯಲ್ಲಿದ್ದರೆ ಜಿ ಜೋಡಿ ಆಯ್ತು, ರುದ್ರ ಇದ್ದರೆ ಆರ್ ಜೋಡಿ. ಎರಡನೇ ಗುಡ್ಡೆಗೂ ಇದು ನಡೆಯುತ್ತೆ: ಮಾಮ, ತಾತ, ಬೊಂಬೆ, ಕಾಕಾ. ಕ್ಯೂಗೆ ಮಾತ್ರ ನಮ್ಮಲ್ಲಿ ಯಾರೂ ನೆಂಟರಿಲ್ಲ, ಅದನ್ನು ಎಲ್ಲಕ್ಕಿಂತ ಕೊನೆಗೆ ಇಟ್ಟರಾಯ್ತು.

ಹೆಸರು ಬರೆದ ಚೀಟಿಯನ್ನು ಆಯಾ ಜಾಗಕ್ಕೆ ಅಂಟಿಸಿ, ಅಜ್ಜನ ಕುರ್ಚಿಗೆ ಒಂದು, ಅಪ್ಪನ ಹೆಲ್ಮೆಟ್ಟಿಗೆ ಒಂದು. ಮಗುವಿನ ಹೆಸರಿನ ಚೀಟಿ ಅದರ ಊಟದ ಡಬ್ಬಿಗೆ ಇರಲಿ. ಆದರೆ ದಯವಿಟ್ಟು ಪೂರ್ತಿ ಹೆಸರನ್ನು ದೊಡ್ಡಕ್ಷರದಲ್ಲೇ ಬರೆಯಬೇಡಿ. ಬ್ಯಾಗು, ನೀರಿನ ಬಾಟಲು, ಎಲ್ಲದರ ಮೇಲೂ ಮಾರ್ಕರ್ ಪೆನ್ನಿನಲ್ಲಿ ಆ ಥರ ಬರೆಯೋ ಅಭ್ಯಾಸ ನಮಗೆಲ್ಲ ಇದೆ. ಅದನ್ನೇ ದಿನಾ ನೋಡಿದ ಮಗು ತನ್ನ ಹೆಸರೇ ಪುಸ್ತಕದಲ್ಲಿ ಕಂಡರೂ ಗುರುತು ಹಿಡಿಯೋದಿಲ್ಲ, ಯಾಕೆಂದರೆ ಪುಸ್ತಕದ ಪುಟದಲ್ಲಿ ಬಹುಪಾಲು ಚಿಕ್ಕಕ್ಷರವೇ ಇರೋದು. ಹಾಗೆ ನೋಡಿದರೆ ಓದಿಗೆ ಚಿಕ್ಕಕ್ಷರವೇ ಯಜಮಾನ, ಶಾಲೆಗಳು ಯಾಕೋ ದೊಡ್ಡಕ್ಷರಕ್ಕೆ ಮೊದಲ ಮಣೆ ಹಾಕುತ್ತವೆ.

ಬಿ ಮತ್ತು ಡಿ ಅದಲುಬದಲಾಗೋದು ಎಲ್ಲ ಮನೆಯಲ್ಲೂ ಇದ್ದದ್ದೇ. ಲೋಟದ ಹಿಡಿ ಎಡಕ್ಕಿದ್ದರೂ ಬಲಕ್ಕಿದ್ದರೂ ಅದು ಲೋಟವೇ ಅಂತ ಮಗು ಇಷ್ಟು ವರ್ಷ ಕಲಿತಿದೆ, ಈಗ ಇದ್ದಕ್ಕಿದ್ದಂತೆ ಹೊಟ್ಟೆ ಯಾವ ಕಡೆ ತಿರುಗಿದೆ ಅನ್ನೋದರಿಂದ ಹೆಸರೇ ಬದಲಾಗುತ್ತೆ ಅಂದರೆ ಗೊಂದಲ ಆಗದೆ ಇರುತ್ತಾ? ಆರೇಳು ವರ್ಷದವರೆಗೂ ಹೀಗೆ ತಿರುಗಿಸಿ ಬರೆದರೆ ಗಾಬರಿ ಬೇಡ. ಎರಡನ್ನೂ ಒಂದೇ ದಿನ ಎದುರುಬದುರು ಇಟ್ಟು ‘ವ್ಯತ್ಯಾಸ ಹೇಳು’ ಅಂತ ಕೂರಿಸಬೇಡಿ, ಅದರಿಂದ ಗೋಜಲು ಹೆಚ್ಚುತ್ತೆ. ಮೊದಲು ಬಿಯನ್ನು ದೊಡ್ಡ ಬಿಯ ಮೇಲೇ ತೋರಿಸಿ. ಮೇಲಿನ ಹೊಟ್ಟೆಯನ್ನು ಬೆರಳಿನಿಂದ ಮುಚ್ಚಿದರೆ ಉಳಿಯೋದೇ ಚಿಕ್ಕ ಬಿ. ಅದು ಗಟ್ಟಿಯಾಗಿ ಕೂತ ಮೇಲೆ, ಒಂದೆರಡು ವಾರ ಬಿಟ್ಟು ಡಿಗೆ ಹೋಗಿ. ಬಿ ಬರೆಯುವಾಗ ಕೋಲು ಮೊದಲು, ಡಿ ಬರೆಯುವಾಗ ಹೊಟ್ಟೆ ಮೊದಲು ಅಂತ ಕೈಗೆ ಅಭ್ಯಾಸವಾಗಲಿ. ಇನ್ನೊಂದು ಉಪಾಯ: ಎರಡೂ ಮುಷ್ಟಿಯ ಗೆಣ್ಣುಗಳನ್ನು ಎದುರುಬದುರು ತಂದು ಹೆಬ್ಬೆರಳು ಮೇಲಕ್ಕೆತ್ತಿಸಿ. ಎಡಗೈ ಬಿ ಆಗುತ್ತೆ, ಬಲಗೈ ಡಿ. ಮರೆತಾಗ ಮಗು ಯಾರನ್ನೂ ಕೇಳದೆ ತನ್ನ ಕೈ ನೋಡಿಕೊಳ್ಳುತ್ತೆ. ಏಳೆಂಟು ವರ್ಷ ದಾಟಿದರೂ ಸರಿಹೋಗದೆ ಓದೋದೇ ಕಷ್ಟವಾಗುತ್ತಿದ್ದರೆ ಟೀಚರ್ ಹತ್ತಿರ ಮಾತಾಡಿ, ಕಣ್ಣೂ ಒಮ್ಮೆ ತೋರಿಸಿ.

ಅಂಗಡಿಯಿಂದ ತಂದ ಚಾರ್ಟು, ಪ್ಲಾಸ್ಟಿಕ್ ಅಕ್ಷರಗಳ ಬಗ್ಗೆ ಒಂದು ಮಾತು. ಅಚ್ಚಿನಲ್ಲಿ ಚಿಕ್ಕ ಎ ಎರಡು ಥರ ಇರುತ್ತೆ. ಕಾಪಿ ಪುಸ್ತಕದ್ದು ಗುಂಡಗೆ, ಪಕ್ಕಕ್ಕೊಂದು ಕೋಲು. ಪತ್ರಿಕೆಯದ್ದಕ್ಕೆ ತಲೆಯ ಮೇಲೆ ಬಾಗಿದ ಕೊಕ್ಕೆ. ಜಿ ಕೂಡ ಹಾಗೇ, ಕೆಲವು ಪುಸ್ತಕದಲ್ಲಿ ಕೆಳಗೊಂದು ಸುತ್ತು ಕಟ್ಟಿಕೊಂಡಿರುತ್ತೆ. ಮಗು ‘ಇದು ಎ ಅಲ್ಲ’ ಅಂದರೆ ಅದರ ತಪ್ಪೇನೂ ಇಲ್ಲ. ಶುರುವಿನಲ್ಲಿ ನಿಮ್ಮ ಕೈಬರಹದ ಬಿಲ್ಲೆಯೇ ಸಾಕು, ಅಚ್ಚಿನದನ್ನು ‘ಎಗೆ ಟೋಪಿ ಹಾಕಿದ್ದಾರೆ’ ಅಂತ ಆಮೇಲೆ ಪರಿಚಯ ಮಾಡಿಸಿ. ದೊಡ್ಡವರಾದ ಮಕ್ಕಳು ‘ಎರಡೆರಡು ಯಾಕಿದೆ’ ಅಂತ ಕೇಳುತ್ತವೆ. ದೊಡ್ಡಕ್ಷರ ರೋಮನ್ನರು ಕಲ್ಲಿನಲ್ಲಿ ಕೆತ್ತುತ್ತಿದ್ದದ್ದು, ಗರಿಯ ಲೇಖನಿಯಲ್ಲಿ ಬೇಗ ಬೇಗ ಬರೆಯುತ್ತಾ ಚಿಕ್ಕಕ್ಷರಗಳು ಹುಟ್ಟಿದವು, 8-9ನೇ ಶತಮಾನದಲ್ಲಿ ಯೂರೋಪಿನ ಷಾರ್ಲ್‌ಮೇನ್ ದೊರೆಯ ಕಾಲಕ್ಕೆ ಅವಕ್ಕೊಂದು ಅಚ್ಚುಕಟ್ಟು ಬಂತು ಅಂತ ಹೇಳಿದರೆ ಒಪ್ಪಿಕೊಳ್ಳುತ್ತವೆ.

ಪೆನ್ಸಿಲ್ ಹಿಡಿಸೋ ಅವಸರ ಬೇಡ. ಕಣ್ಣು ಜೋಡಿ ಹುಡುಕಲಿ, ಕೈ ಆಮೇಲೆ. ಚಪಾತಿ ಹಿಟ್ಟು ಕಲಸಿದಾಗ ಒಂದು ಉಂಡೆ ಕೊಟ್ಟು ಹೊಸೆದು ಅಕ್ಷರ ಮಾಡಿಸಿ. ಕೋಡುಬಳೆ ದಿನ ದೊಡ್ಡ ಎಸ್ ಒಂದು, ಚಿಕ್ಕ ಎಸ್ ಒಂದು ಅಂತ ಕರಿದುಕೊಟ್ಟರೆ ಮರೆಯೋ ಮಾತೇ ಇಲ್ಲ. ಸಿಗ್ನಲ್ಲಿನಲ್ಲಿ ಸ್ಕೂಟರ್ ನಿಂತಾಗ ಮುಂದಿನ ಗಾಡಿಯ ನಂಬರ್ ಪ್ಲೇಟಿನಲ್ಲಿ ಇರೋದು ದೊಡ್ಡಕ್ಷರ ಮಾತ್ರ, ‘ಕೆಎ’ಗೆ ಚಿಕ್ಕ ಜೋಡಿ ಯಾವುದು ಅಂತ ಮಗು ಗಾಳಿಯಲ್ಲಿ ಬರೆದು ತೋರಿಸಲಿ. ಮೊಬೈಲ್ ಕೊಡಲೇಬೇಕಾಗಿ ಬಂದರೆ ಕೀಬೋರ್ಡ್ ತೆಗೆದು ಮೇಲ್ಮುಖ ಬಾಣದ ಗುಂಡಿ ಒತ್ತಿಸಿ. ಒಂದೇ ಏಟಿಗೆ ಎಲ್ಲ ಅಕ್ಷರವೂ ದೊಡ್ಡದಾಗಿ, ಇನ್ನೊಂದು ಏಟಿಗೆ ಚಿಕ್ಕದಾಗೋದನ್ನು ನೋಡಿ ಮಕ್ಕಳು ಕಿಲಕಿಲ ನಗುತ್ತವೆ.

ಹೆಸರಿನ ಜೊತೆ ಸದ್ದೂ ಹೇಳಿಕೊಡಿ. ದೊಡ್ಡ ಬಿಯೂ ‘ಬ್’, ಚಿಕ್ಕ ಬಿಯೂ ‘ಬ್’. ಅಜ್ಜಿ ‘ಯಲ್ಲು, ಯಮ್ಮು, ಯನ್ನು’ ಅಂತ ಹೇಳಿಕೊಟ್ಟರೆ ಮುಖ ಸಿಂಡರಿಸಬೇಡಿ. ಮಗುವಿಗೆ ಜೋಡಿ ಸಿಕ್ಕಿತಲ್ಲ, ಉಚ್ಚಾರಣೆ ಶಾಲೆಯಲ್ಲಿ ತಿದ್ದಿಕೊಳ್ಳುತ್ತೆ.

ದಿನಕ್ಕೆ ಹತ್ತು ನಿಮಿಷ ಸಾಕು, ಎರಡು ಮೂರು ಜೋಡಿ ಸಾಕು. ಎದುರಿಗಿಟ್ಟು ಜೋಡಿಸೋದು ಬಂದಮೇಲೆ ಬಿಲ್ಲೆಗಳನ್ನು ಮಗುಚಿಟ್ಟು ಜ್ಞಾಪಕದಿಂದ ಜೋಡಿ ಎತ್ತುವ ಆಟ ಆಡಿ. ನೀವು ಬೇಕಂತ ಸೋಲಬೇಕಾಗಿಲ್ಲ, ಈ ಆಟದಲ್ಲಿ ಮಕ್ಕಳು ನಿಜವಾಗಿಯೇ ಗೆಲ್ಲುತ್ತವೆ. ಅದಾದಮೇಲೆ ಚಿಕ್ಕಕ್ಷರ ಒಂದನ್ನು ತೋರಿಸಿ, ಅದರ ದೊಡ್ಡದನ್ನು ಪಕ್ಕದ ಕೋಣೆಯಿಂದ ತರಲು ಕಳಿಸಿ. ದಾರಿಯಲ್ಲಿ ಆಕಾರವನ್ನು ಮನಸ್ಸಿನಲ್ಲಿ ಹಿಡಿದುಕೊಂಡು ಹೋಗಬೇಕಲ್ಲ, ನಿಜವಾಗಿ ಕಲಿತಿದೆಯೋ ಇಲ್ಲವೋ ಅಲ್ಲಿ ಗೊತ್ತಾಗುತ್ತೆ.

ಇನ್ನು ಆ ಶಾಲೆಯ ಹಾಳೆ. ಅದನ್ನಂತೂ ಮಾಡಲೇಬೇಕು. ಮೊದಲ ನಾಲ್ಕು ದೊಡ್ಡಕ್ಷರ ಮಾತ್ರ ಕಾಣುವ ಹಾಗೆ ಎಡಗಡೆಯನ್ನು ಒಂದು ಬಿಳಿ ಕಾಗದದಿಂದ ಮುಚ್ಚಿ ಕೊಡಿ. ಅವುಗಳ ಜೋಡಿಗೆ ಮಗು ಮೊದಲು ಬೆರಳಲ್ಲಿ ದಾರಿ ಮಾಡಲಿ, ಆಮೇಲೆ ಪೆನ್ಸಿಲ್. ಮುಗಿದಮೇಲೆ ಕಾಗದವನ್ನು ಕೆಳಕ್ಕೆ ಸರಿಸಿ ಇನ್ನು ನಾಲ್ಕು ತೋರಿಸಿ. ನಿದ್ದೆಗಣ್ಣಿನಲ್ಲಿದ್ದರೆ ಉಳಿದದ್ದು ಬೆಳಿಗ್ಗೆ ಹಾಲು ಕುಡಿದ ಮೇಲೆ.